ಸೊನ್ನೆ ಹಚ್ಚಿದವನು ನಾನೇ

ಮೇ 8, ಬುಧವಾರ.

ಇವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಒಂದನೆಯ ತಾರೀಖಿನಿಂದ ದಿನದಿನದ ಆಸ್ಪತ್ರೆಯ ಲ್ಯಾಬ್ ವರದಿಗಳನ್ನು ಎಣಿಸಿ ವಾರ್ಡುಗಳಿಗೆ ಕಳಿಸುವ ಕಂಪ್ಯೂಟರ್ ಲೂಪ್ ಬೆಳಿಗ್ಗೆ ಎಂಟನೆಯ ತಾರೀಖಿಗೆ ಬಂದು ಮುಗ್ಗರಿಸಿತು. ನಿನ್ನೆ ಆ ಸ್ಕ್ರಿಪ್ಟ್ ತಿದ್ದಿದ್ದವಳು ಪಕ್ಕದ ಮೇಜಿನವಳು. ನನಗೆ ಅಷ್ಟೇ ಸಾಕಾಯಿತು. ಹಿಂದೆ ನಾಟಕದಲ್ಲಿ ಹಾಕುತ್ತಿದ್ದ ರಾಜಾಪಾರ್ಟಿನ ಗತ್ತಿನಲ್ಲಿ ಎದ್ದು ಗುಡುಗಿದೆ: "ಏನಮ್ಮಾ, ನೆಟ್ಟಗೆ ಒಂದು ಲೂಪ್ ಬರೆಯೋಕೆ ಬರದೋರಿಗೆ ಇಲ್ಲೇನು ಕೆಲಸ?" ಕೀಬೋರ್ಡುಗಳೆಲ್ಲ ನಿಂತವು. ಯಾರೋ ಕಿಸಕ್ಕೆಂದರು. ಅಯ್ಯೋ, ನನಗೆ ಅದು ಚಪ್ಪಾಳೆಯಂತೆ ಕೇಳಿಸಿತು!

ಮಧ್ಯಾಹ್ನ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದೆ. ತಾರೀಖುಗಳು ಅಂದವಾಗಿ ಕಾಣಲೆಂದು ಅಂಕಿಗಳ ಎಡಕ್ಕೆ ಸೊನ್ನೆ ಹಚ್ಚಿದವನು ನಾನೇ, ತಿಂಗಳ ಮೊದಲ ದಿನ. ಸೊನ್ನೆಯಿಂದ ಶುರುವಾದ ಸಂಖ್ಯೆಯಲ್ಲಿ ಏಳರ ಮೇಲಿನ ಅಂಕಿಯನ್ನು ಸ್ಕ್ರಿಪ್ಟ್ ಓಡಿಸುವ ಶೆಲ್ ಒಪ್ಪುವುದಿಲ್ಲ; 07 ನಡೆಯುತ್ತದೆ, 08 ನಡೆಯುವುದಿಲ್ಲ. ಏಳು ದಿನ ಸುಮ್ಮನಿದ್ದು ಇವತ್ತು ತಿರುಗಿಬಿತ್ತು. ಅವಳ ಸಾಲುಗಳಲ್ಲಿ ಒಂದು ತಪ್ಪೂ ಇರಲಿಲ್ಲ.

ಸಂಜೆ ಅವಳ ಮೇಜಿನ ಬಳಿ ಬಗ್ಗಿ, "ತಪ್ಪು ನಂದೇ ಕಣಮ್ಮಾ" ಎಂದು ಪಿಸುಗುಟ್ಟಿದೆ. ಕೊನೇ ಸಾಲಿನ ಬೆಂಚಿಗೂ ಕೇಳಬೇಕೆಂದು ಪಳಗಿಸಿದ ಗಂಟಲು ಇದು!

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೈದಿದ್ದು ಎಲ್ರಿಗೂ ಕೇಳಿಸ್ತು ಸಾರ್. ಇದು ನನಗೊಬ್ಬಳಿಗೇ ಕೇಳಿಸ್ತು."

ನಾಳೆ ಎಲ್ಲರೂ ಬಂದು ಕೂತ ಮೇಲೆ ಎದ್ದು ನಿಲ್ಲಬೇಕು. ಮೊದಲ ಮಾತು ಏನಾಡಲಿ ಎಂದು ಆಗಿನಿಂದ ಹುಡುಕುತ್ತಿದ್ದೇನೆ. ಎಷ್ಟು ಸಲ ಬಾಯಿ ತೆರೆದರೂ ಬರುವುದು ಆ ಪಿಸುಮಾತೇ.