ಎಬ್ಬಿಸಿ ತೋರಿಸು

ಔಲು, ಫಿನ್‌ಲೆಂಡ್
ಫೆಬ್ರವರಿ ೧೧

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಓಲಾಡುವ ಹಡಗಿನಲ್ಲಿ ದಿನವಿಡೀ ಒಲೆಯ ಮುಂದೆ ನಿಲ್ಲುವುದೆಂದರೆ ತಮಾಷೆಯಲ್ಲ. ನಿನ್ನ ವಿಜ್ಞಾನಿಗಳಿಗೆ ಸಾಲ್ಮನ್ ಸೂಪಿನ ಮೇಲೆ ಅಷ್ಟು ಆಸೆಯಿದ್ದರೆ ಆಲೂಗಡ್ಡೆಯನ್ನಾದರೂ ಅವರೇ ಹೆಚ್ಚಿಕೊಡಲಿ. ನೀವು ಅಂಟಾರ್ಕ್ಟಿಕದಿಂದ ಕೇಪ್‌ಟೌನಿಗೆ ಮರಳುವ ಹೊತ್ತಿಗೆ ಈ ಕಾಗದ ಬಂದರಿನಲ್ಲಿ ನಿನಗಾಗಿ ಕಾದಿರುತ್ತದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಚಳಿಗೆ ಸೈಕಲ್ಲಿನ ಚೈನೇ ಸೆಟೆದು ನಿಂತಿದೆ, ಆದರೂ ನಿನ್ನ ಮಗಳು ಬೀದಿಯಲ್ಲಿ ಒಬ್ಬಳೇ ನಗುತ್ತ ನಡೆಯುತ್ತಿದ್ದಾಳೆ. ಅಮ್ಮಾ, ನಾನು ಗೆದ್ದೆ!

ನಮ್ಮ ಕಂಪನಿ ಹಿಮಸಾರಂಗ ಮೇಯಿಸುವವರಿಗಾಗಿ ಮಾಡಿದ ಡಬ್ಬಿ ನಿನಗೆ ಗೊತ್ತೇ ಇದೆ. ಜೇಬಿನಲ್ಲಿಟ್ಟುಕೊಂಡು, ಕಷ್ಟಕ್ಕೆ ಸಿಕ್ಕಿದಾಗ ಗುಂಡಿ ಒತ್ತಿದರೆ ಇರುವ ಜಾಗವನ್ನು ರಕ್ಷಣಾ ದಳಕ್ಕೆ ತಿಳಿಸುವಂಥದ್ದು. ವಾರಕ್ಕೂ ಮಿಕ್ಕಿ ಬಾಳಬೇಕಾದ ಬ್ಯಾಟರಿ ಎರಡೇ ದಿನಕ್ಕೆ ಸಾಯುತ್ತಿತ್ತು. ಸಾರಂಗಗಳ ಹಿಂದೆ ಅಲೆಯುವ ನಿನ್ನ ಮಗ ನಿಲ್ಲಾನಂತೂ ಬೆಟ್ಟದಿಂದ ಫೋನ್ ಮಾಡಿ, "ಅಕ್ಕಾ, ನಿನ್ನ ಡಬ್ಬಿಗಿಂತ ನನ್ನ ನಾಯಿನೇ ವಾಸಿ. ಅದು ವಾರಪೂರ್ತಿ ಬೊಗಳುತ್ತೆ" ಎಂದು ಹಂಗಿಸಿದ. ಮ್ಯಾನೇಜರ್ ಯೋರ್ಮಾನದು ಒಂದೇ ರಾಗ: "ಚಳಿ ಕಣಮ್ಮಾ, ಚಳಿ. ಚಳಿ ತಿದ್ದೋಕೆ ಪ್ಯಾಚ್ ಕೋಡ್ ಬರೆಯೋಕಾಗುತ್ತಾ?" ವಸಂತದೊಳಗೆ ಇಡೀ ಕೆಲಸವನ್ನೇ ಮುಚ್ಚುವ ಮಾತು ನಡೆದಿತ್ತು. ನಾನು ಒಂದು ಡಬ್ಬಿಯನ್ನು ಬೆಚ್ಚಗೆ ನನ್ನ ಮೇಜಿನ ಮೇಲೇ ಇಟ್ಟೆ. ಅದೂ ಅಷ್ಟೇ ಬೇಗ ಸತ್ತಿತು. ಅಲ್ಲಿಗೆ ತಪ್ಪು ಚಳಿಯದಲ್ಲ, ಡಬ್ಬಿಯನ್ನು ನಡೆಸುವ ಮೂಲ ತಂತ್ರಾಂಶದ್ದು, ಅಂದರೆ ಕರ್ನಲ್ಲಿನದು ಎಂದು ಖಾತ್ರಿಯಾಯಿತು.

ಬೇಸರಪಡದೆ ಕೇಳು, ಸುಲಭವಾಗಿ ಹೇಳುತ್ತೇನೆ. ಡಬ್ಬಿಯ ಪ್ರೊಸೆಸರಿನಲ್ಲಿ ನಾಲ್ಕು ಪುಟ್ಟ ಮಿದುಳುಗಳ ಹಾಗೆ ನಾಲ್ಕು ಕೋರ್‌ಗಳಿವೆ, ನಾಲ್ಕಕ್ಕೂ ಸೇರಿ ವಿದ್ಯುತ್ತಿಗೆ ಒಂದೇ ಸ್ವಿಚ್ಚು. ಇಂಥ ಗುಂಪನ್ನೇ ನಾವು ಪವರ್ ಡೊಮೇನ್ ಎನ್ನುವುದು. ಯಾವ ಕೋರಿಗೂ ಕೆಲಸವಿಲ್ಲದಾಗ ಕರ್ನಲ್ ಆ ಸ್ವಿಚ್ಚನ್ನು ಆರಿಸಬೇಕು. ನಮ್ಮ ಡಬ್ಬಿಯಲ್ಲಿ ಆರಂಭದಲ್ಲೇ ಎರಡು ಕೋರ್‌ಗಳನ್ನು ಸದ್ಯಕ್ಕೆ ಬೇಡವೆಂದು ಬದಿಗಿಡುತ್ತೇವೆ. ಬದಿಗಿಟ್ಟವನ್ನು ಕರ್ನಲ್ ಲೆಕ್ಕದಿಂದ ತೆಗೆದೇ ಇರಲಿಲ್ಲ! ಉಳಿದವು ಮಲಗಿದರೂ ಯಾರೋ ಎದ್ದಿದ್ದಾರೆಂದು ಅದು ನಂಬಿತ್ತು. ಸ್ವಿಚ್ಚು ಒಂದು ಕ್ಷಣವೂ ಆರುತ್ತಿರಲಿಲ್ಲ.

ತಪ್ಪು ಸಿಕ್ಕಿದ ಸಂತೋಷದಲ್ಲಿ ಅವಸರದಿಂದ ಪ್ಯಾಚ್ ಬರೆದು ಕಳಿಸಿಬಿಟ್ಟೆ. ಲೋಕದವರೆಲ್ಲ ಸೇರಿ ಬರೆಯುವ ಈ ಕರ್ನಲ್ಲಿನ ಆ ಭಾಗವನ್ನು ನೋಡಿಕೊಳ್ಳುವವರು ಸ್ವೀಡನ್ನಿನ ಇಂಗೆಮಾರ್. ಅವರ ಉತ್ತರ ಲೋಕವೆಲ್ಲ ಓದುವ ಮೇಲಿಂಗ್ ಲಿಸ್ಟಿನಲ್ಲೇ ಬಂತು: "ಮಲಗಿಸೋದು ಯಾರಿಗಾದ್ರೂ ಬರುತ್ತೆ. ಎಬ್ಬಿಸಿ ತೋರಿಸು." ಮುಖಕ್ಕೆ ಹೊಡೆದ ಹಾಗಾಯಿತು. ಸಿಟ್ಟಿನಲ್ಲಿ ಡಬ್ಬಿಯನ್ನು ಎಬ್ಬಿಸಲು ಹೋದರೆ ಅದು ಕಲ್ಲಿನಂತೆ ಕೂತಿತು. ಬದಿಗಿಟ್ಟ ಕೋರ್‌ಗಳನ್ನು ನಾವು ವಾಪಸ್ ಕರೆಯುವುದೇ ಗುಂಡಿ ಒತ್ತಿದಾಗ, ಅಮ್ಮಾ. ನನ್ನ ಪ್ಯಾಚ್ ಹಾಗೇ ಹೋಗಿದ್ದರೆ ವಾರವೆಲ್ಲ ಜೀವ ಹಿಡಿದುಕೊಂಡಿದ್ದ ಡಬ್ಬಿ ಬೇಕಾದ ಗಳಿಗೆಯಲ್ಲೇ ಕೈಕೊಡುತ್ತಿತ್ತು. ಅದು ಹೊಳೆದದ್ದೇ ತಡ, ಇಂಗೆಮಾರ್ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಯೋರ್ಮಾ ಬಂದು, "ಸಾಕು ಬಿಡಮ್ಮಾ, ಬೇರೆ ಕೆಲಸ ಬೇಕಾದಷ್ಟಿದೆ" ಎಂದ. "ಇದೊಂದು ವಾರ ನನ್ನನ್ನ ಮಾತಾಡಿಸಬೇಡ" ಎಂದೆ. ಪುಲ್ಲಾ ಬನ್ನು ತಿನ್ನುತ್ತ, ಕಾಫಿ ಕುಡಿಯುತ್ತ ಕೂತೆ. ಕೊನೆಗೆ ಸಿಕ್ಕಿದ್ದು ಎಷ್ಟು ಸಣ್ಣ ಸಂಗತಿ ಗೊತ್ತೇ? ನಾನು ಮೊದಲು ಕೋರನ್ನು ಕರೆದು ಆಮೇಲೆ ಸ್ವಿಚ್ಚು ಹಾಕುತ್ತಿದ್ದೆ. ವಿದ್ಯುತ್ತೇ ಇಲ್ಲದ ಕೋರ್ ಓಗೊಡುವುದಾದರೂ ಹೇಗೆ? ಕ್ರಮವನ್ನು ತಿರುಗಿಸಿದೆ. ಡಬ್ಬಿ ಥಟ್ಟನೆ ಎದ್ದಿತು. ಮಲಗಿಸಿದೆ, ಎಬ್ಬಿಸಿದೆ, ಮತ್ತೆ ಮಲಗಿಸಿದೆ, ಒಮ್ಮೆಯೂ ತಪ್ಪಲಿಲ್ಲ. ಹೊಸ ಪ್ಯಾಚಿಗೆ ಇಂಗೆಮಾರ್ ಬರೆದದ್ದು ಇಷ್ಟೇ: "ಸರಿಯಾಗಿದೆ. ತಗೊಂಡಿದ್ದೀನಿ." ಅವರನ್ನು ಬಲ್ಲವರ ಪ್ರಕಾರ ಇದು ಅಪ್ಪಿಕೊಂಡು ಕುಣಿದಾಡಿದ್ದಕ್ಕೆ ಸಮ! ಹೊಸ ಕರ್ನಲ್ ಹಾಕಿದ ಡಬ್ಬಿಗಳು ಬೆಟ್ಟಕ್ಕೆ ಹೋಗಿ ವಾರ ಕಳೆದರೂ ಬ್ಯಾಟರಿ ಇನ್ನೂ ಉಳಿದಿತ್ತು. ಯೋರ್ಮಾ ಕೇಕ್ ತರಿಸಿ, "ಇನ್ನು ಮುಚ್ಚೋ ಮಾತು ಯಾರಾದ್ರೂ ಎತ್ತಿದ್ರೆ ಹೆಲ್ಕಾ ಹತ್ರ ಕಳಿಸ್ತೀನಿ" ಎಂದು ಎಲ್ಲರೆದುರು ಹೇಳಿದ. ಅತಿ ದೊಡ್ಡ ತುಂಡು ನನಗೇ.

ಕೇಪ್‌ಟೌನಿನಲ್ಲಿ ಇಳಿದ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂರು, ಯಾರಿಗೂ ಏನೂ ಬೇಯಿಸಿಕೊಡಬೇಡ. ಹಡಗಿನ ಅಡುಗೆಮನೆಯವರಿಗೆಲ್ಲ ನನ್ನ ನೆನಪುಗಳನ್ನು ತಿಳಿಸು. ನಿನಗೆ ಎರಡೂ ಕೆನ್ನೆಗೆ ಮುತ್ತು.

ನಿನ್ನ
ಹೆಲ್ಕಾ

ಮರೆಯುವ ಮುನ್ನ — ಮರೆತಿಲ್ಲ, ಮೊದಲೇ ಬರೆದಿದ್ದರೆ ನೀನು ಮೇಲಿನದ್ದೇನನ್ನೂ ಓದುತ್ತಿರಲಿಲ್ಲ. ಹಡಗಿನ ಆ ಹಾಳು ಫೋನಿನಲ್ಲಿ ಅರ್ಧಂಬರ್ಧ ಕೇಳಿ ಗಾಬರಿಯಾಗುತ್ತೀಯೆಂದು ಆಗಲೂ ಹೇಳಲಿಲ್ಲ. ಹೋದ ವಾರ ನಿಲ್ಲಾನ ಹಿಮಬಂಡಿ ಬಂಡೆಗೆ ಬಡಿದು ಮಗುಚಿ ಅವನ ಕಾಲು ಮುರಿಯಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಡಬ್ಬಿ ಚಾರ್ಜ್ ಮಾಡಿ ದಿನಗಳೇ ಕಳೆದಿದ್ದವು. ಗುಂಡಿ ಒತ್ತಿದ. ಎದ್ದಿತು, ಅಮ್ಮಾ! ಕತ್ತಲಾಗುವುದರೊಳಗೆ ಹೆಲಿಕಾಪ್ಟರ್ ಬಂತು. ಈಗ ರೊವಾನಿಯೆಮಿಯ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಊಟ ಸರಿಯಿಲ್ಲವೆಂದು ಗೊಣಗುತ್ತಿದ್ದಾನೆ. ಇಳಿದ ಕೂಡಲೇ ಅವನಿಗೆ ಫೋನ್ ಮಾಡು.