ಎರಡು ಸಲ ತೀರಿಕೊಂಡ ಗುರುಗಳಿಗೆ

ಕಣ್ಣಾರೆ ಕಾಣದ ನನ್ನ ಗುರುಗಳೇ,

ಸಕಲ ಚರಾಚರ ಜಗತ್ತಿಗೆ ತಿಳಿಯಪಡಿಸುವುದೇನೆಂದರೆ, ರಾಜಾಜಿನಗರದ ನನ್ನ ಮೇಜಿನ ಮೇಲೆ ಹನ್ನೊಂದು ದಿನಗಳಿಂದ ಯಾರ ಕೈಗೂ ಬಗ್ಗದೆ ಕೂತಿದ್ದ ಶಾಯಿ ಬಾಟಲಿಯ ಮುಚ್ಚಳ ಇಂದು ಬೆಳಿಗ್ಗೆ ಎಂಟೂಕಾಲಿಗೆ ಸರಿಯಾಗಿ ತೆರೆದುಕೊಂಡಿತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಸೆರಗಿನಲ್ಲಿ ಹಿಡಿದು ತಿರುಗಿಸಿದ ನನ್ನ ಹೆಂಡತಿ, "ತಗೊಳ್ಳಿ, ಇನ್ನೇನು ನೆಪ ಉಳೀತು?" ಎಂದಳು. ಏನೂ ಉಳಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನೀವು ನನಗೆ ಸಿಕ್ಕಿದ್ದು ಕಾಮಾಕ್ಷಿಪಾಳ್ಯದ ಒಂದು ರದ್ದಿ ಅಂಗಡಿಯ ತಕ್ಕಡಿಯಲ್ಲಿ. ಹಿಂಬದಿಯ ರಟ್ಟಿನ ಮೇಲೆ ನಿಮ್ಮ ಚಿತ್ರ, ಅದರ ಕೆಳಗೆ ನಾಲ್ಕು ಸಾಲು: ಇಂಗ್ಲೆಂಡಿನ ಕಡಲಂಚಿನ ಊರೊಂದರಲ್ಲಿ ಅಂಚೆ ಗುಮಾಸ್ತ, ಮದುವೆಯಿಲ್ಲ, ತಂಗಿಯ ಜೊತೆ ವಾಸ, ಕೆಲಸಕ್ಕೆ ಹೊರಡುವ ಮುನ್ನ ಅಡುಗೆಮನೆಯ ಮೇಜಿನ ಮೇಲೆ ಬರೆದ ಹದಿನಾಲ್ಕು ವೈಜ್ಞಾನಿಕ ಕಾದಂಬರಿ. ನನಗೆ ಸಿಕ್ಕಿದ ಕಾದಂಬರಿಯಲ್ಲಿ ಒಂದು ಬೆಳಿಗ್ಗೆ ಭೂಮಿಯ ಮೇಲೆ ಶಬ್ದವೇ ನಿಂತುಹೋಗುತ್ತದೆ. ಒಬ್ಬ ವಿಧವೆ ಮಾತ್ರ ದಿನವೂ ಗಡಿಯಾರಕ್ಕೆ ಕೀಲಿ ಕೊಡುತ್ತಾಳೆ. ಶಬ್ದ ಮರಳಿ ಬಂದಾಗ ಮೊದಲು ಕೇಳಿಸುವುದು ತನ್ನ ಮನೆಯ ಗಂಟೆಯೇ ಆಗಿರಬೇಕೆಂದು. ಓದಿ ಮುಗಿಸಿದವನು ಒಂದು ಗಂಟೆ ಸುಮ್ಮನೆ ಕೂತಿದ್ದೆ. ಬಾಯಿ ಮುಚ್ಚಿಕೂರುವುದು ನನ್ನಂಥ ಹಾಸ್ಯ ಅಂಕಣಕಾರನಿಗೆ ಎಂಥ ಶಿಕ್ಷೆಯೆಂದು ನಿಮಗೇನು ಗೊತ್ತು?

ನಾಲ್ಕು ತಿಂಗಳು ಕೂತು ಅದನ್ನು ಕನ್ನಡಕ್ಕೆ ತಂದೆ. ನಮ್ಮ ವಾರಪತ್ರಿಕೆಯ ಸಂಪಾದಕರ ಮುಂದಿಟ್ಟಾಗ ಅವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇವ್ರು ಇದಾರೋ, ಹೋದ್ರೋ? ಇದ್ರೆ ಕಾಗದ ಬರ್ದು ಒಪ್ಪಿಗೆ ತರ್ಸ್ಬೇಕು. ವರ್ಷ ಹಿಡಿಯತ್ತೆ. ಹೋಗಿದ್ರೆ ಕೇಳೋರ್ಯಾರು, ಮುಂದಿನ ವಾರವೇ ಶುರು."

ಪ್ರಕಾಶಕರ ವಿಳಾಸ ಪುಸ್ತಕದ ಎರಡನೆಯ ಪುಟದಲ್ಲೇ ಇತ್ತು, ಗುರುಗಳೇ. ಆದರೆ ಕಾದಂಬರಿಯೊಂದರ ಮೇಲೆ ನನ್ನ ಹೆಸರು ಅಚ್ಚಿನಲ್ಲಿ ನೋಡುವ ಆತುರ...

"ಹೋದ್ರು ಸಾರ್," ಎಂದುಬಿಟ್ಟೆ.

"ಅಯ್ಯೋ ಪಾಪ! ಹಾಗಾದ್ರೆ ಮೊದ್ಲು ಒಂದು ಶ್ರದ್ಧಾಂಜಲಿ ಬರ್ಕೊಡಯ್ಯ."

ಬರೆದೆ. ಚಳಿಗಾಲದ ಕೆಮ್ಮಿನಿಂದ ನಿಮ್ಮನ್ನು ಸಾಯಿಸಿದೆ. ಇಂಗ್ಲೆಂಡಿನವರಿಗೆ ಅದಕ್ಕಿಂತ ಒಗ್ಗುವ ರೋಗ ನನಗೆ ಹೊಳೆಯಲಿಲ್ಲ. ನಮ್ಮ ಬಡಾವಣೆಯವರು ಯಾರನ್ನೂ ಬರಿಗೈಯಲ್ಲಿ ಕಳಿಸುವವರಲ್ಲ. ಹಿಟ್ಟಿನ ಗಿರಣಿಯ ಮಹಡಿಯಲ್ಲಿರುವ ವಾಚನಾಲಯದಲ್ಲಿ ಸಂತಾಪ ಸಭೆ ಸೇರಿಸಿದರು. ರಟ್ಟಿನಿಂದ ಕತ್ತರಿಸಿದ ನಿಮ್ಮ ಚಿತ್ರಕ್ಕೆ ಕನಕಾಂಬರದ ಮಾಲೆ, ಊದುಬತ್ತಿ, ಎರಡು ನಿಮಿಷ ಮೌನ, ಆಮೇಲೆ ಖಾರಾಬೂಂದಿ, ಕಾಫಿ. ಮುಖ್ಯ ಭಾಷಣ ನನ್ನದೇ. ನೀವು ಆ ಹೊತ್ತಿಗೆ ಅಲ್ಲಿ ಚಹಾ ಕುಡಿಯುತ್ತಿದ್ದಿರೇನೋ?

ಹದಿನೆಂಟು ವಾರ ಕಥೆ ನಡೆಯಿತು. ಕೊನೆಯ ಕಂತು ಬಂದ ಮರುದಿನ ಸರೋಜಮ್ಮ ಮೇಡಂ ಮನೆಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಕಿವಿ ಮಂದವಾಗುತ್ತಾ ಬಂದು ಮುಂಚೆಯೇ ಕೆಲಸ ಬಿಟ್ಟವರು. "ಆ ಹೆಂಗಸಿಗೆ ಕೊನೆಗೆ ಗಂಟೆ ಕೇಳಿಸ್ತೋ ಇಲ್ವೋ ಅಂತ ಅವ್ರು ಬರ್ದೇ ಇಲ್ಲ. ಕೇಳೋಣ ಅಂದ್ರೆ ಪುಣ್ಯಾತ್ಮರೇ ಇಲ್ಲ. ಕೇಳಿಸದೇ ಇರೋದು ಹೇಗಿರತ್ತೆ ಅಂತ ಇಷ್ಟು ಸರಿಯಾಗಿ ಅವ್ರಿಗೆ ಹೇಗೆ ಗೊತ್ತಾಯ್ತು?" ಎಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆನೇ? "ಕಾಫಿ ತಗೊಳ್ಳಿ ಮೇಡಂ," ಎಂದೆ.

ನೀವು ನಿಜವಾಗಿ ಹೋದದ್ದು ಅದಾಗಿ ಮೂರು ವರ್ಷಕ್ಕೆ. ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಒಂದು ಅಂಗುಲದ ಸುದ್ದಿ. ಯೌವನದಲ್ಲೇ ನಿಮ್ಮ ಕಿವಿ ಹೋಗಿತ್ತಂತೆ. ಕೊನೆಗಾಲದಲ್ಲಿ ನಿಮ್ಮ ಒಂದು ಪುಸ್ತಕವೂ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲವಂತೆ. ಆ ಸುದ್ದಿಯನ್ನು ಕತ್ತರಿಸಿ ಜೇಬಿಗಿಟ್ಟುಕೊಂಡೆ. ಅದನ್ನು ಸಂಪಾದಕರಿಗೆ ತೋರಿಸಿದರೆ ಅವರ ಮುಖ ಅರಳಿತು! "ನೋಡಯ್ಯಾ, ನಾವು ಮೂರು ವರ್ಷದ ಹಿಂದೇನೇ ಹಾಕಿದ್ವಿ. ಇವ್ರಿಗೆ ಈಗ ಗೊತ್ತಾಗಿದೆ!" ಹೀಗಾಗಿ ನಿಮ್ಮ ಎರಡನೆಯ ಸಾವಿಗೆ ನಮ್ಮಲ್ಲಿ ಒಂದು ಸಾಲೂ ಅಚ್ಚಾಗಲಿಲ್ಲ, ಒಂದು ಹೂವೂ ಬೀಳಲಿಲ್ಲ. ನಿಮ್ಮ ಪಾಲಿನ ದುಃಖವನ್ನೆಲ್ಲ ನಾನು ಮೊದಲೇ ಖರ್ಚು ಮಾಡಿಸಿಬಿಟ್ಟಿದ್ದೆ.

ಕಳೆದ ಯುಗಾದಿಯ ಮರುದಿನ ಸರೋಜಮ್ಮನವರ ಮನೆಗೆ ಹೋದೆ. ಅದು ಆರು ಮನೆಗಳ ವಠಾರ. ತಪ್ಪೊಪ್ಪಿಗೆಯೆಂದರೆ ತಗ್ಗಿದ ದನಿಯಲ್ಲಿ ಹೇಳುವುದು ತಾನೇ? ಹೇಳಿದೆ.

"ಏನು? ಜೋರಾಗಿ ಹೇಳಿ!"

"ಅವ್ರು ಆಗ ಸತ್ತಿರ್ಲಿಲ್ಲ ಮೇಡಂ!"

"ಯಾರು?"

"ಕಾದಂಬರಿ ಬರ್ದೋರು! ನಾನೇ ಸುಳ್ಳು ಹೇಳ್ದೆ!"

ವಠಾರದ ಅಷ್ಟೂ ಬಾಗಿಲು ತೆರೆದವು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಹೆಂಗಸು, "ಅಯ್ಯಯ್ಯೋ, ಯಾರನ್ನ ಸಾಯಿಸಿದ್ರಂತೆ?" ಎಂದಳು. ಪತ್ರಿಕೆಯ ಸುದ್ದಿಯನ್ನು ಸರೋಜಮ್ಮನವರ ಕೈಗಿತ್ತೆ. ಅವರು ಓದಿದರು. ಇನ್ನೊಮ್ಮೆ ಓದಿದರು. "ಅವ್ರಿಗೂ ಕೇಳಿಸ್ತಿರ್ಲಿಲ್ವಾ..." ಎಂದವರು ಆ ತುಣುಕನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಮೂರು ವರ್ಷ ಇದ್ರಲ್ರೀ. ನಂದೊಂದು ಕಾಗದ ಓದೋಕೆ ಮೂರು ವರ್ಷ ಸಾಲ್ತಿರ್ಲಿಲ್ವಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಗುರುಗಳೇ.

ಬೈಯಲಿಲ್ಲ, ಕೆಲಸ ಹಚ್ಚಿದರು. ಅಲ್ಲೇ ಕೂರಿಸಿ, ಪ್ರಕಾಶಕರ ವಿಳಾಸಕ್ಕೆ ನಿಮ್ಮ ತಂಗಿಯವರ ಹೆಸರಿನಲ್ಲಿ ಕಾಗದ ಬರೆಸಿದರು. ನನ್ನ ಸುಳ್ಳೂ ಅದರಲ್ಲಿತ್ತು, ಅವರ ಪ್ರಶ್ನೆಯೂ ಇತ್ತು. ನೀವು ಕೇಳದ ಸುದ್ದಿ ಇದು: ಹನ್ನೊಂದು ದಿನಗಳ ಹಿಂದೆ ಉತ್ತರ ಬಂದಿದೆ. ಕಾದಂಬರಿಯ ಆ ವಿಧವೆಗೆ ಗಂಟೆ ಕೇಳಿಸಿತೋ ಇಲ್ಲವೋ ನಿಮ್ಮ ತಂಗಿಗೂ ಗೊತ್ತಿಲ್ಲವಂತೆ. ನಿಮ್ಮನ್ನು ಯಾರೂ ಅದನ್ನು ಕೇಳಿರಲಿಲ್ಲವಂತೆ, ಕೇಳಿದ್ದರೆ ನಿಮಗೆ ಎಷ್ಟು ಖುಷಿಯಾಗುತ್ತಿತ್ತೋ ಎಂದಿದ್ದಾರೆ. ಬೇರೆ ಭಾಷೆಗೆ ಹೋದ ನಿಮ್ಮ ಪುಸ್ತಕ ಇದೊಂದೇ ಅಂತೆ. ಓದಲು ಬಾರದಿದ್ದರೂ ಒಂದು ಪ್ರತಿ ಕಳಿಸಿ, ಅಣ್ಣನ ಪುಸ್ತಕಗಳ ಪಕ್ಕದಲ್ಲಿಡುತ್ತೇನೆ ಎಂದು ಕೇಳಿದ್ದಾರೆ.

ಕಳಿಸುತ್ತೇನೆ ಗುರುಗಳೇ, ಇದು ಮಾತ್ರ ಸುಳ್ಳಲ್ಲ. ಆದರೆ ಪುಸ್ತಕವಾಗಿ ಅದು ಬರಲೇ ಇಲ್ಲ. ಪತ್ರಿಕೆಯ ಕಚೇರಿಯಲ್ಲಿ ನನ್ನ ಹಸ್ತಪ್ರತಿಯೂ ಇಲ್ಲ, ಹಳೆಯ ಸಂಚಿಕೆಗಳೂ ಇಲ್ಲ. ನನ್ನ ಬಳಿ ಇರುವುದು ಹದಿನೇಳು ಕಂತು. ಆದ್ದರಿಂದ ನನ್ನ ಅಂಕಣದಲ್ಲಿ ಅಚ್ಚಾಗುವ ಈ ಕಾಗದವನ್ನು ನಿಮ್ಮ ಹೆಗಲ ಮೇಲಿನಿಂದ ಇಣುಕಿ ಓದುತ್ತಿರುವವರಲ್ಲಿ ಒಂದು ಬೇಡಿಕೆ. ಧಾರಾವಾಹಿ ಕತ್ತರಿಸಿ ಕಟ್ಟಿಡುವವರು ರಾಜಾಜಿನಗರ, ವಿಜಯನಗರದ ಕಡೆ ಮನೆಗೊಬ್ಬರಿದ್ದೀರಿ. ಒಂಬತ್ತನೆಯ ಕಂತು ಯಾರಲ್ಲಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಹಾಕಿ. ಹಿಂಬದಿಯಲ್ಲಿ ಸೀಗೆಪುಡಿಯ ಜಾಹೀರಾತಿದೆ, ಗುರುತು ಸಿಗುತ್ತದೆ. ಅಂಚು ಹರಿದಿದ್ದರೂ ಪರವಾಗಿಲ್ಲ, ನಾನೇ ಬಂದು ಒಯ್ಯುತ್ತೇನೆ.