ಅಲಮಾರಿಯ ಕೀಲಿ ರೇಣುಕಾಳ ಮುಷ್ಟಿಯಲ್ಲಿ

ಅಪ್ಪಾ,

ನೀನು ಹೋದ ಮೇಲೆ ನಿನ್ನ ಆಟೋ ನಾನೇ ಓಡಿಸುತ್ತಿದ್ದೇನೆ. ತಂಗಿ ರೇಣುಕಾಗೆ ಫಿಟ್ಸ್ ಬಂದರೆ ಈಗಲೂ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾಚಾರಂನಿಂದ ದೊಡ್ಡ ಆಸ್ಪತ್ರೆಗೆ ಓಟ. ಬೇರೆ ದಿನ ಅವಳು ಆಟೋ ಹತ್ತುವುದೇ ಇಲ್ಲ, ಆ ಸೀಟು ಕಂಡರೆ ಅವಳಿಗೆ ಆಗದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಒಂದು ದಿನ ಇಟ್ಟುಕೊಂಡು ಕಳಿಸುತ್ತಿದ್ದರಲ್ಲ, ಮನೆಯಲ್ಲೇ ಕೊಡುವ ಔಷಧಿ ಇದೆ ಅಂತ ನಿನಗೆ ಒಬ್ಬರಾದರೂ ಹೇಳಿದ್ದರಾ?

ಈ ಬೇಸಿಗೆಯಲ್ಲಿ ಹೊಸ ಡಾಕ್ಟರಮ್ಮ ಹೇಳಿದರು. ಬೀದರ್ ಕಡೆಯವರು. ಮೂಗಿಗೆ ಹೊಡೆಯುವ ಸ್ಪ್ರೇ ಬರೆದುಕೊಟ್ಟು, "ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರ ಹೊಡೀರಿ. ಆಮ್ಯಾಲೂ ನಿಲ್ಲಲಿಲ್ಲ, ಉಸಿರು ಸರಿ ಇಲ್ಲ ಅಂದ್ರ ಇಲ್ಲಿಗೆ ಬರ್ರಿ" ಅಂದರು. ನನಗೆ ಖುಷಿಗಿಂತ ಸಿಟ್ಟೇ ಬಂತು. ಇಷ್ಟು ವರ್ಷ ಇದೆಲ್ಲಿತ್ತು?

ಅವ್ವನ ಸ್ವಭಾವ ನಿನಗೆ ಗೊತ್ತಲ್ಲ. ಸ್ಪ್ರೇಯನ್ನೂ ಅಲಮಾರಿಯಲ್ಲಿಟ್ಟು ಬೀಗ ಹಾಕಿದಳು. ಮುಂದಿನ ಸಲ ರೇಣುಕಾ ಬಿದ್ದಾಗ ಮೊದಲು ಮಾಡಿದ್ದೇನು? ಸೊಂಟದ ಕೀಲಿಗೊಂಚಲು ತೆಗೆದು ಅವಳ ಕೈಗೆ ತುರುಕಿದಳು. ಕಬ್ಬಿಣ ಹಿಡಿದರೆ ಫಿಟ್ಸ್ ಬಿಡುತ್ತದೆ ಅಂತ ನೀವಿಬ್ಬರೂ ಮಾಡಿಕೊಂಡು ಬಂದದ್ದೇ. ಐದು ನಿಮಿಷ ದಾಟಿತು. ಔಷಧಿ ಅಲಮಾರಿಯಲ್ಲಿ, ಅಲಮಾರಿಯ ಕೀಲಿ ರೇಣುಕಾಳ ಮುಷ್ಟಿಯಲ್ಲಿ. ಆ ಮುಷ್ಟಿ ಬಿಡಿಸುವುದಕ್ಕೆ ಆಗುತ್ತದಾ?

"ಕೀಲಿ ಯಾಕ ಕೊಟ್ಟಿಬೇ?"

"ಕೈ ತಾನ ಹೋತಪ್ಪಾ. ಮೊದ್ಲ ಗಾಡಿ ತಗಿ."

ಮತ್ತೆ ಆಸ್ಪತ್ರೆ. ದಾರಿಯುದ್ದಕ್ಕೂ ಅವ್ವನನ್ನು ಬೈದೆ. ಎಚ್ಚರಾದ ರೇಣುಕಾ ಗೊಂಚಲು ನೋಡಿ, "ಅಣ್ಣಾ, ಮನಿ ಕಾರಭಾರ ನನಗ ಕೊಟ್ಟೀರೇನು?" ಅಂದಳು. ನನಗೆ ನಗು ಬರಲಿಲ್ಲ. ಇನ್ನೊಂದು ಸಲ ಹೀಗೆ ರಜೆ ಹಾಕಿದರೆ ಬರಲೇಬೇಡ ಅಂತ ಅವಳ ಹೊಲಿಗೆ ಕಾರ್ಖಾನೆಯವರು ಆಗಲೇ ಹೇಳಿದ್ದರು. ಮನೆಗೆ ಬಂದವನೇ ಸ್ಪ್ರೇಯನ್ನು ಸಣ್ಣ ಚೀಲಕ್ಕೆ ಹಾಕಿ ನಿನ್ನ ಖಾಕಿ ಅಂಗಿ ತೂಗುತ್ತಿದ್ದ ಮೊಳೆಗೆ ನೇತುಹಾಕಿದೆ.

ಮೊನ್ನೆ ಬೆಳಿಗ್ಗೆ ಮತ್ತೆ ಬಂತು. ರೂಢಿಯಂತೆ ನಾನು ಓಡಿಹೋಗಿ ಆಟೋ ಸ್ಟಾರ್ಟ್ ಮಾಡಿದೆ. ಒಳಗೆ ಬಂದರೆ ಅವ್ವನ ಕೈ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತ್ತು. ಕಣ್ಣು ಗಡಿಯಾರದ ಮೇಲೆ. ಐದು ನಿಮಿಷವಾದಾಗ ತಾನೇ ಸ್ಪ್ರೇಯನ್ನು ಮೊಳೆಯಿಂದ ತೆಗೆದು ಅವಳ ಮೂಗಿಗೆ ಹೊಡೆದಳು. ಸ್ವಲ್ಪ ಹೊತ್ತಿಗೆ ರೇಣುಕಾಳ ಮೈ ಅದುರುವುದು ನಿಂತಿತು. ಉಸಿರು ಸರಿಯಾಗಿತ್ತು. ಮಗ್ಗುಲಿಗೆ ಮಲಗಿಸಿ ಇಬ್ಬರೂ ಅವಳನ್ನೇ ನೋಡುತ್ತ ಕೂತೆವು. ಹೊರಗೆ ಆಟೋ ಇನ್ನೂ ಗುಡುಗುಡು ಅನ್ನುತ್ತಿತ್ತು. ಹೋಗಿ ಆಫ್ ಮಾಡಿದೆ. ನೀನಿದ್ದಾಗಲೇ ಇದು ಸಿಕ್ಕಿದ್ದರೆ...

ಮರುದಿನ ರೇಣುಕಾ ಕೆಲಸಕ್ಕೆ ಹೊರಟಳು. "ಬಿಟ್ಟು ಬಾ" ಅಂತ ತಾನೇ ಆಟೋ ಹತ್ತಿದಳು. ಆ ಹಿಂದಿನ ಸೀಟಿನಲ್ಲಿ ಅವಳು ನೆಟ್ಟಗೆ ಕೂತು ಹೋಗುವುದನ್ನು ನೀನು ನೋಡಲೇ ಇಲ್ಲ ಅಪ್ಪಾ.